ಜೆಂಟೂ ಕೈಪಿಡಿಯ ಪಾಠಪರಿಷ್ಕಾರ: ಒಂದು ಚಾರಿತ್ರಿಕ ಪರಿಶೀಲನೆ

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಪರಿಚಿತವಾದ ಒಂದು ತೊಡಕುಂಟು. ಬೇರೆ ಬೇರೆ ಪ್ರತಿಗಳ ಪಾಠಾಂತರಗಳನ್ನೆಲ್ಲ ಮೂಲದೊಳಗೇ ತುಂಬಿದರೆ ಓದುಗನಿಗೆ ದಾರಿ ತಪ್ಪುತ್ತದೆ. ಅವನ್ನು ಅಡಿಟಿಪ್ಪಣಿಗೆ ತಳ್ಳಿದರೆ ಯಾವುದೋ ಒಂದು ಪ್ರತಿಗೆ ಅನ್ಯಾಯವಾಗುತ್ತದೆ. ಗಣಕಯಂತ್ರಗಳ ಕೈಪಿಡಿಗಳಿಗೂ ಇದೇ ತೊಡಕು ಒದಗಿತೆಂದರೆ ಕೆಲವು ವಾಚಕರಿಗೆ ಆಶ್ಚರ್ಯವೆನಿಸಬಹುದು. ಜೆಂಟೂ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಅನುಸ್ಥಾಪನ ಕೈಪಿಡಿಯು ಹೇಗೆ ಹಂತಹಂತವಾಗಿ ಸರಳಗೊಂಡಿತು, ಆ ಸರಳತೆಗಾಗಿ ಏನನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಸಾಮಾನ್ಯವಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ತಂತ್ರಾಂಶಗಳು ಸಿದ್ಧರೂಪದಲ್ಲಿಯೇ ಬಳಕೆದಾರನ ಕೈಸೇರುತ್ತವೆ. ಜೆಂಟೂ ಪದ್ಧತಿ ಬೇರೆ. ಅಂಗಡಿಯಿಂದ ಹಿಟ್ಟನ್ನು ತರುವ ಬದಲು ಧಾನ್ಯವನ್ನು ತಂದು ಮನೆಯ ಬೀಸುಕಲ್ಲಿನಲ್ಲಿ ಬೀಸಿಕೊಳ್ಳುವಂತೆ, ಇಲ್ಲಿ ಮೂಲಸಂಕೇತವನ್ನು ತರಿಸಿ ತನ್ನ ಯಂತ್ರದಲ್ಲಿಯೇ ಕಂಪೈಲ್ ಮಾಡಿಕೊಳ್ಳಬೇಕು. ಡೇನಿಯಲ್ ರಾಬಿನ್ಸ್ ಅವರು ಮೊದಲು ‘ಈನಾಕ್’ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಕಾರ್ಯವು ಜೆಂಟೂ ಎಂಬ ಹೆಸರನ್ನು ತಳೆದು, ಅದರ ೧.೦ ಆವೃತ್ತಿ ೨೦೦೨ರ ಮಾರ್ಚಿಯಲ್ಲಿ ಹೊರಬಂದಿತು. ಕಂಪೈಲ್ ಕಾರ್ಯವನ್ನು ನಿರ್ವಹಿಸುವ ‘ಪೋರ್ಟೇಜ್’ ಎಂಬ ಸಾಧನಕ್ಕೆ ಫ್ರೀಬಿಎಸ್‌ಡಿ ವ್ಯವಸ್ಥೆಯ ‘ಪೋರ್ಟ್ಸ್’ ಪ್ರೇರಣೆ. ಜೆಂಟೂ ಎಂಬುದು ಒಂದು ಜಾತಿಯ ಪೆಂಗ್ವಿನ್ ಪಕ್ಷಿಯ ಹೆಸರು; ನೀರಿನಲ್ಲಿ ಅತಿವೇಗವಾಗಿ ಈಜುವುದೆಂಬ ಖ್ಯಾತಿ ಅದಕ್ಕುಂಟು. ಕಂಪೈಲ್ ಮುಗಿಯುವುದನ್ನು ರಾತ್ರಿಯಿಡೀ ಕಾದು ಕುಳಿತವರು ಈ ಹೆಸರನ್ನು ಕೇಳಿ ನಕ್ಕಿರಲೂಬಹುದು.

ಆರಂಭದ ಅನುಸ್ಥಾಪನೆಗೆ ಮೂರು ದ್ವಾರಗಳಿದ್ದವು. ಅವನ್ನು ಮೊದಲನೆಯ, ಎರಡನೆಯ, ಮೂರನೆಯ ‘ಸ್ಟೇಜ್’ ಎಂದು ಕರೆಯುತ್ತಿದ್ದರು. ಮೂರನೆಯದರಲ್ಲಿ ಕನಿಷ್ಠವಾದ ಮೂಲವ್ಯವಸ್ಥೆಯಿಡೀ ಸಿದ್ಧವಾಗಿರುತ್ತಿತ್ತು. ಎರಡನೆಯದರಲ್ಲಿ ಕಂಪೈಲರ್ ಮೊದಲಾದ ಉಪಕರಣಗಳು ಮಾತ್ರ ಸಿದ್ಧವಾಗಿದ್ದು, ಉಳಿದುದನ್ನು ಬಳಕೆದಾರನೇ ಕಟ್ಟಿಕೊಳ್ಳಬೇಕಾಗಿತ್ತು. ಮೊದಲನೆಯದನ್ನು ಆರಿಸಿಕೊಂಡವನು ಆ ಕಂಪೈಲರನ್ನೂ ಅದರ ಆಧಾರ ಗ್ರಂಥಾಲಯಗಳನ್ನೂ ಮತ್ತೆ ಕಟ್ಟುವುದರಿಂದ ತೊಡಗಬೇಕು. ಮೇಲಿನ ಉಪಮೆಯನ್ನೇ ಮುಂದುವರಿಸುವುದಾದರೆ, ಹಿಟ್ಟು ಬೀಸುವ ಮೊದಲು ಬೀಸುಕಲ್ಲನ್ನೇ ಕಡೆದುಕೊಳ್ಳುವ ಕೆಲಸ ಇದು. ನಿಧಾನಗತಿಯ ಯಂತ್ರಗಳಲ್ಲಿ ಇದಕ್ಕೆ ದಿನಗಳೇ ಹಿಡಿಯುತ್ತಿದ್ದವು. ಕೈಪಿಡಿಯ ಲೇಖಕರು ಈ ಮೂರು ದಾರಿಗಳನ್ನೂ ಒಂದೇ ಕಥನದಲ್ಲಿ ನಿರೂಪಿಸಬೇಕಾಗಿದ್ದುದರಿಂದ, ‘ನೀವು ಇಂಥ ದಾರಿ ಹಿಡಿದಿದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಿ’ ಎಂಬ ಬಗೆಯ ಸೂಚನೆಗಳು ಅನಿವಾರ್ಯವಾದವು.

ಇದರ ಜೊತೆಗೆ ಯಂತ್ರಭೇದದ ತೊಡಕು. ಇಂಟೆಲ್ ಮಾದರಿಯ ಯಂತ್ರಗಳಿಗೊಂದು, ಪವರ್‌ಪಿಸಿಗೊಂದು, ಸ್ಪಾರ್ಕ್ ಯಂತ್ರಗಳಿಗೊಂದು ಎಂಬಂತೆ ಪ್ರತ್ಯೇಕ ಮಾರ್ಗದರ್ಶಿಗಳಿದ್ದವು. ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ತಾನಾಗಿ ಬರುವಂತಿರಲಿಲ್ಲ. ಸ್ವೆನ್ ವರ್ಮ್ಯೂಲೆನ್ ಮೊದಲಾದವರ ಶ್ರಮದಿಂದ ರೂಪುಗೊಂಡ ‘ಹ್ಯಾಂಡ್‌ಬುಕ್’ ಈ ಸಮಸ್ಯೆಯನ್ನು ಎದುರಿಸಿದ ಕ್ರಮ ಗ್ರಂಥಸಂಪಾದಕರು ಮೆಚ್ಚತಕ್ಕದ್ದು. ಎಲ್ಲ ಯಂತ್ರಗಳಿಗೂ ಸಮಾನವಾದ ಅಧ್ಯಾಯಗಳನ್ನು ಒಮ್ಮೆ ಮಾತ್ರ ಬರೆದು, ಡಿಸ್ಕಿನ ವಿಭಜನೆ, ‘ಕರ್ನಲ್’ ಎಂಬ ವ್ಯವಸ್ಥೆಯ ತಿರುಳು, ಅದನ್ನು ಎಬ್ಬಿಸುವ ಬೂಟ್‌ಲೋಡರ್ ಈ ಭಾಗಗಳನ್ನು ಮಾತ್ರ ಯಂತ್ರಕ್ಕೆ ತಕ್ಕಂತೆ ಬೇರೆಬೇರೆಯಾಗಿ ಬರೆದರು. ಓದುಗನ ಕೈಗೆ ಬಂದುದು ಅವನ ಯಂತ್ರದ ಪಾಠ ಮಾತ್ರ. ಪಾಠಾಂತರಗಳು ಸಂಪಾದಕರ ಮೇಜಿನ ಮೇಲೆಯೇ ಉಳಿದವು. ಅಂತರ್ಜಾಲದ ಸಂಪರ್ಕವಿಲ್ಲದವರಿಗಾಗಿ ಪ್ರತ್ಯೇಕವಾದ ಇನ್ನೊಂದು ಕೈಪಿಡಿಯೂ ಕೆಲಕಾಲ ಇದ್ದಿತು. ದೂರವಾಣಿ ತಂತಿಯ ಮೂಲಕ ಹನಿಹನಿಯಾಗಿ ಮಾಹಿತಿ ಬರುತ್ತಿದ್ದ ಆ ದಿನಗಳಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳ ಸ್ಥಿತಿಯನ್ನು ಬಲ್ಲವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಆಯ್ಕೆಗಳ ಬಾಹುಳ್ಯವನ್ನು ಲೇಖಕರು ಇನ್ನೊಂದು ಉಪಾಯದಿಂದ ಹತೋಟಿಗೆ ತಂದರು. ಗ್ರಬ್ ಎಂಬ ಬೂಟ್‌ಲೋಡರನ್ನು ‘ರೂಢಿಯ ಮಾರ್ಗ’ವೆಂದೂ ಲಿಲೊ ಎಂಬುದನ್ನು ‘ಪರ್ಯಾಯ ಮಾರ್ಗ’ವೆಂದೂ ಶೀರ್ಷಿಕೆಯಲ್ಲಿಯೇ ಗುರುತಿಸಿದರು. ಈ ಚಿಕ್ಕ ಬದಲಾವಣೆ ನಮ್ಮ ದೃಷ್ಟಿಯಲ್ಲಿ ಅತ್ಯಂತ ಮಹತ್ವದ್ದು. ಎರಡು ದಾರಿಗಳನ್ನು ಸಮಾನವೆಂದು ತೋರಿಸಿ ಸುಮ್ಮನಾಗುವ ಕೈಪಿಡಿ, ನಿರ್ಣಯದ ಭಾರವನ್ನು ಅದನ್ನು ಹೊರಲು ಇನ್ನೂ ಶಕ್ತಿಯಿಲ್ಲದವನ ಮೇಲೆ ಹೊರಿಸುತ್ತದೆ. ನಮ್ಮ ಪ್ರಯೋಗಶಾಲಾ ಪುಸ್ತಕಗಳಲ್ಲಿ ಈ ದೋಷ ಇಂದಿಗೂ ಹೇರಳವಾಗಿದೆ.

೨೦೦೫ರಲ್ಲಿ ಇನ್ನೂ ಕಠಿನವಾದ ನಿರ್ಧಾರವೊಂದು ಬಂದಿತು. ಮೊದಲೆರಡು ದ್ವಾರಗಳ ವಿವರಣೆಯನ್ನು ಕೈಪಿಡಿಯಿಂದ ತೆಗೆದು, ಮೂರನೆಯದೊಂದನ್ನೇ ಉಳಿಸಿಕೊಂಡರು. ಮೂರನೆಯ ಸ್ಟೇಜಿನಿಂದ ಆರಂಭಿಸಿ ಅನಂತರ ಎಲ್ಲವನ್ನೂ ಪುನಃ ಕಂಪೈಲ್ ಮಾಡಿದರೆ ದೊರೆಯುವ ಫಲ ಹೆಚ್ಚುಕಡಿಮೆ ಒಂದೇ ಎಂಬುದು ಇದಕ್ಕೆ ಆಧಾರ. ಇದು ತಾಂತ್ರಿಕವಾಗಿ ಸರಿಯಾದ ವಾದ. ಆದರೆ ಬೀಸುಕಲ್ಲನ್ನು ಕಡೆಯುತ್ತ ವ್ಯವಸ್ಥೆಯ ಒಳಗುಟ್ಟನ್ನು ಕಲಿಯಬಯಸಿದವನಿಗೆ ಫಲದ ಸಮಾನತೆ ಸಾಕಾದ ಉತ್ತರವಲ್ಲ. ಆತನಿಗೆ ಬೇಕಾಗಿದ್ದುದು ಕ್ರಿಯೆಯೇ ಹೊರತು ಫಲವಲ್ಲ. ಇಷ್ಟಾದರೂ ಲೇಖಕರ ನಿರ್ಧಾರವನ್ನು ನಾವು ಸಮರ್ಥಿಸುತ್ತೇವೆ. ಕಲಿಕೆಯನ್ನೇ ಗುರಿಯಾಗುಳ್ಳ ಬೇರೊಂದು ಕೃತಿ, ಗೆರಾರ್ಡ್ ಬೀಕ್ಮನ್ಸ್ ಅವರು ಆರಂಭಿಸಿದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’, ಆಗಲೇ ಬಳಕೆಯಲ್ಲಿತ್ತು. ಅಲ್ಲಿ ಪುಸ್ತಕವೇ ವ್ಯವಸ್ಥೆ. ಅದನ್ನು ಮೊಟಕುಗೊಳಿಸಿದರೆ ಏನೂ ಉಳಿಯದು. ಜೆಂಟೂ ಕೈಪಿಡಿಯ ಓದುಗನಾದರೋ ಕಡೆಗೆ ನಡೆಯುವ ಯಂತ್ರವೊಂದನ್ನು ನಿರೀಕ್ಷಿಸುತ್ತಾನೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಭಾಷೆಯನ್ನು ತಿದ್ದಿದ್ದರಿಂದ ಕೈಪಿಡಿಗೆ ದೊರೆತ ಸರಳತೆ ಅಲ್ಪ. ಕ್ರಿಯೆಯೇ ಸರಳವಾದಾಗ ಬರಹವೂ ಹಗುರವಾಯಿತು. ಕೈಪಿಡಿಯನ್ನೇ ಅನಾವಶ್ಯಕಗೊಳಿಸಬಹುದೆಂಬ ಆಸೆಯಿಂದಲೋ ಏನೋ ೨೦೦೬ರಲ್ಲಿ ಚಿತ್ರರೂಪದ ಅನುಸ್ಥಾಪಕವೊಂದನ್ನು ಅಡಕಮುದ್ರಿಕೆಯಲ್ಲಿ ಸೇರಿಸಿದ್ದರು. ಅದು ಬಹುಕಾಲ ಬಾಳಲಿಲ್ಲ. ಕೈಪಿಡಿ ಉಳಿಯಿತು.

೨೦೧೪ರಲ್ಲಿ ಅದನ್ನು ವಿಕಿಗೆ ಸಾಗಿಸಲಾಯಿತು. ಸಮಾನ ಭಾಗ, ಯಂತ್ರವಿಶೇಷ ಭಾಗ ಎಂಬ ಹಳೆಯ ವಿಭಜನೆ ಅಲ್ಲಿಯೂ ಮುಂದುವರಿಯಿತು. ೨೦೨೦ರಲ್ಲಿ ಪ್ರಕಟವಾದ ‘ಡಿಸ್ಟ್ರಿಬ್ಯೂಷನ್ ಕರ್ನಲ್’ ಹೊಸಬರಿಗೆ ಅತಿಭಯಂಕರವಾಗಿದ್ದ ಅಧ್ಯಾಯವನ್ನು ಒಂದೇ ಆಜ್ಞೆಗೆ ಇಳಿಸಿತು. ನೂರಾರು ಪ್ರಶ್ನೆಗಳಿಗೆ ಉತ್ತರಿಸಿ ತನ್ನ ಕರ್ನಲನ್ನು ತಾನೇ ರೂಪಿಸಿಕೊಳ್ಳುವ ದಾರಿಯನ್ನು ಅಳಿಸಲಿಲ್ಲ. ಹಿಂದಕ್ಕೆ ಸರಿಸಿದರು, ಅಷ್ಟೆ. ೨೦೨೩ರ ಡಿಸೆಂಬರಿನಲ್ಲಿ ಎಎಂಡಿ೬೪ ಮತ್ತು ಎಆರ್‌ಎಂ೬೪ ಯಂತ್ರಗಳಿಗೆ ಸಿದ್ಧ ತಂತ್ರಾಂಶಗಳ ಅಧಿಕೃತ ಭಂಡಾರವೂ ತೆರೆಯಿತು. ಲಿಬ್ರೆಆಫೀಸಿನಂಥ ಬೃಹತ್ ತಂತ್ರಾಂಶಕ್ಕಾಗಿ ಇನ್ನು ಗಂಟೆಗಟ್ಟಲೆ ಕಾಯಬೇಕಾಗಿಲ್ಲ. ಬೀಸುಕಲ್ಲಿನ ಪಕ್ಕದಲ್ಲಿಯೇ ಹಿಟ್ಟಿನ ಚೀಲವೂ ಬಂದು ಕುಳಿತಿದೆ. ಯಾವುದರಿಂದ ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ತಿಳಿಸಲು ಕೈಪಿಡಿಗೆ ಪುನಃ ಹೊಸ ಪುಟಗಳು ಸೇರಿವೆ.