ಬೈಗೆ ಮೀನಿನ ಉತ್ತರದ ಎಲ್ಲೆ: ಕುಂಭಾಶಿಯ ಕಡಲದಂಡೆಯಿಂದ ಒಂದು ವಿವೇಚನೆ

ಆನೆಗುಡ್ಡೆಯ ವಿನಾಯಕನ ಸನ್ನಿಧಿಯಿಂದ ನಾಡಿಗೆಲ್ಲ ಪರಿಚಿತವಾಗಿರುವ ಕುಂಭಾಶಿಯು ಮತ್ಸ್ಯವಿಜ್ಞಾನದ ದೃಷ್ಟಿಯಿಂದ ಇನ್ನೊಂದು ಕಾರಣಕ್ಕಾಗಿಯೂ ಗಮನಾರ್ಹವಾದ ಸ್ಥಳವಾಗಿದೆ. ಅದು ಉತ್ತರ ಅಕ್ಷಾಂಶ 13.5 ಡಿಗ್ರಿಯ ಆಸುಪಾಸಿನಲ್ಲಿದೆ. ಬೈಗೆ ಮೀನಿನ ಸಮೃದ್ಧಿಯಾದರೋ, 1985ರವರೆಗಿನ ಇಳುವರಿಯ ಲೆಕ್ಕಗಳನ್ನು ನೋಡಿದರೆ, 8ರಿಂದ 14ನೆಯ ಅಕ್ಷಾಂಶದವರೆಗಿನ ಮಲಬಾರ್ ಕಡಲಿಗೆ ಬಹುಮಟ್ಟಿಗೆ ಸೀಮಿತವಾಗಿತ್ತು. ಅಂದಮೇಲೆ ಬೀಜಾಡಿ, ಗೋಪಾಡಿ, ಕುಂಭಾಶಿ, ತೆಕ್ಕಟ್ಟೆಗಳ ಮರಳದಂಡೆಯು ಆ ಮೀನಿನ ಸೀಮೆಯ ಉತ್ತರದ ಅಂಚಿಗೆ ತೀರ ಸಮೀಪದಲ್ಲಿತ್ತೆಂದಾಯಿತು. ಕಳೆದ ನಾಲ್ಕು ದಶಕಗಳಲ್ಲಿ ಈ ಎಲ್ಲೆಯು ಉತ್ತರಕ್ಕೂ ಪೂರ್ವಕ್ಕೂ ಬಹುದೂರ ಸರಿದಿದೆ. ಹೀಗೆ ಸರಿದದ್ದಕ್ಕೆ ಕಡಲ ನೀರು ಬಿಸಿಯಾದದ್ದೇ ಕಾರಣವೆಂಬ ಮಾತು ಇಂದು ಸರ್ವತ್ರ ಕೇಳಿಬರುತ್ತಿರುವುದರಿಂದ, ಆ ಕಾರ್ಯಕಾರಣ ಸಂಬಂಧವು ಎಷ್ಟರಮಟ್ಟಿಗೆ ಸಿದ್ಧವಾದುದು, ಎಷ್ಟರಮಟ್ಟಿಗೆ ಇನ್ನೂ ಸಾಧ್ಯಕೋಟಿಯಲ್ಲಿರುವುದು ಎಂಬುದನ್ನು ಈ ಹಳೆಯ ಅಂಚಿನಲ್ಲಿ ನಿಂತು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕುಂದಾಪುರದ ಕಡೆಯವರು ಬೈಗೆ ಎಂದೂ, ತುಳುವರು ಬೂತಾಯಿ ಎಂದೂ, ಕೊಂಕಣಿಗರು ತಾರ್ಲೆ ಎಂದೂ, ಮಲಯಾಳಿಗಳು ಮತ್ತಿ ಎಂದೂ ಕರೆಯುವ ಈ ಮೀನು ಶಾಸ್ತ್ರಗ್ರಂಥಗಳಲ್ಲಿ ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ಎಂದು ಪ್ರಸಿದ್ಧವಾಗಿದೆ. ಬಡವರ ಊಟದ ಮೀನು ಇದು. ಎಣ್ಣೆಯಾಗಿ ದೋಣಿಯ ಹಲಗೆಗೂ, ಗೊಬ್ಬರವಾಗಿ ತೆಂಗಿನ ಬುಡಕ್ಕೂ ತಲೆಮಾರುಗಳಿಂದ ಒದಗಿಬಂದದ್ದೂ ಇದೇ. ಇದರ ಆಯುಷ್ಯ ಅಲ್ಪವಾದುದು: ಎರಡೂವರೆ ಮೂರು ವರ್ಷಗಳಷ್ಟೆ. ಮೊದಲ ವರ್ಷ ತುಂಬುವಷ್ಟರಲ್ಲಿಯೇ ಅದು ಮೊಟ್ಟೆಯಿಡಲು ಸಮರ್ಥವಾಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ, ತೀರಕ್ಕೆ ಸಮಾಂತರವಾಗಿ ಬೀಸುವ ಗಾಳಿಯ ಪ್ರಭಾವದಿಂದ ಆಳದ ತಣ್ಣೀರು ಮೇಲೇಳುವ ಕಾಲದಲ್ಲಿ, ಅದರ ಸಂತಾನೋತ್ಪತ್ತಿಯು ನಡೆಯುತ್ತದೆ. ಮೇಲೆದ್ದ ಆ ನೀರಿನಲ್ಲಿ ಪೋಷಕ ಲವಣಗಳು ಹೇರಳವಾಗಿರುವುದರಿಂದ ಡಯಾಟಮ್ ಮೊದಲಾದ ಸಸ್ಯಪ್ಲವಕಗಳು ಒಮ್ಮೆಗೇ ವೃದ್ಧಿಯಾಗುತ್ತವೆ. ಮರಿಗಳ ಬದುಕು ನಿಂತಿರುವುದು ಈ ಆಹಾರದ ಮೇಲೆ. ಸುಮಾರು 27ರಿಂದ 29 ಡಿಗ್ರಿ ಸೆಂಟಿಗ್ರೇಡಿನ ನೀರು ಇದಕ್ಕೆ ಪ್ರಿಯವಾದುದು. ಈ ಮೀನಿಗೆ ಉಷ್ಣತೆಯು ಹೇಗೋ ಹಾಗೆಯೇ ಮಳೆ, ಗಾಳಿ, ಆಹಾರ, ಪ್ರಾಣವಾಯುಗಳೂ ಬದುಕಿನ ನಿಯಾಮಕಗಳೆಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ನೀರು ಬಿಸಿಯಾದಂತೆ ಒಂದು ಮೀನು ಇನ್ನೊಂದರ ನೆಲೆಗೆ ಬರುವುದು ಜಗತ್ತಿನ ಬೇರೆಡೆಗಳಲ್ಲಿಯೂ ಕಂಡುಬಂದಿರುವ ಸಂಗತಿ. ಉತ್ತರ ಅಮೆರಿಕದ ಪೂರ್ವಭಾಗದ ನದೀಸರೋವರಗಳಿಗೆ ಸಹಜವಾದ ಸ್ಮಾಲ್‌ಮೌತ್ ಬಾಸ್ ಎಂಬ ಮೀನನ್ನು ಮನುಷ್ಯರು ಬೇಟೆಯ ವಿನೋದಕ್ಕಾಗಿ ಪಶ್ಚಿಮದ ನದಿಗಳಿಗೆ ಒಯ್ದು ಬಿಟ್ಟರು. ಬೆಟ್ಟದ ಹೊಳೆಗಳು ಬೆಚ್ಚಗಾಗುತ್ತ ಬಂದಂತೆ ಅದೀಗ ಮೇಲಕ್ಕೆ ಏರಿ, ತಣ್ಣೀರನ್ನೇ ನಂಬಿದ ಟ್ರೌಟ್ ಮೀನುಗಳ ನೆಲೆಗಳನ್ನು ಸೇರುತ್ತಿದೆ. ಅಲ್ಲಿ ಮೊದಲು ಮನುಷ್ಯನ ಕೈ, ಆಮೇಲೆ ಬಿಸಿಲಿನ ಸಹಾಯ. ನಮ್ಮ ಬೈಗೆಯನ್ನಾದರೋ ಯಾರೂ ಒಯ್ದು ಬಿಡಲಿಲ್ಲ. ಹೊಳೆಯ ಮೀನಿಗೆ ಮೇಲೆ ಹೋಗುವ ದಾರಿ ಒಂದೇ, ಜಲಪಾತವೋ ಅಣೆಕಟ್ಟೋ ಅಡ್ಡಬಂದರೆ ಅದೂ ಮುಗಿಯಿತು. ಕಡಲ ಮೀನಿಗೆ ಅಂತಹ ಗೋಡೆಯಿಲ್ಲ. ಈ ಭೇದವಿರುವ ಕಾರಣದಿಂದಲೇ ಕಡಲಿನಲ್ಲಿ ಎಲ್ಲೆಯು ಸರಿಯುವುದನ್ನು ಗುರುತಿಸುವುದು ಹೆಚ್ಚು ಕಷ್ಟ.

ಉಷ್ಣತೆಯ ಪಕ್ಷದಲ್ಲಿರುವ ಪ್ರಮಾಣಗಳು ಅಲ್ಪವಾದುವಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಇ. ವಿವೇಕಾನಂದನ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನವು, 1960ರಿಂದ 2005ರವರೆಗಿನ 45 ವರ್ಷಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕಡಲ ಮೇಲ್ಮೈ 0.2 ಡಿಗ್ರಿಯಷ್ಟು ಬಿಸಿಯಾಯಿತೆಂದು ತೋರಿಸಿತು. ಇದೇ ಅಧ್ಯಯನದ ಪ್ರಕಾರ, ಮೊದಲು ಬೈಗೆಯ ಸುಳಿವೇ ಇಲ್ಲದಂತಿದ್ದ 14ನೆಯ ಅಕ್ಷಾಂಶದಿಂದಾಚೆಗಿನ ನೀರು, 2006ರ ಹೊತ್ತಿಗೆ ದೇಶದ ಒಟ್ಟು ಬೈಗೆಯ ಇಳುವರಿಗೆ ಸುಮಾರು ಶೇಕಡಾ 15ರಷ್ಟು ಪಾಲನ್ನು ಕೊಡತೊಡಗಿತ್ತು. ಬಂಗುಡೆಯ ವಿಷಯದಲ್ಲಿ ಕಂಡದ್ದು ಇನ್ನೂ ಕುತೂಹಲಕರವಾದುದು: 1985-89ರಲ್ಲಿ ತಳವನ್ನು ಗೋರುವ ಟ್ರಾಲ್ ಬಲೆಗಳಿಗೆ ಬಂಗುಡೆಯ ಶೇಕಡಾ 2 ಮಾತ್ರ ಸಿಕ್ಕುತ್ತಿತ್ತು, 2003-07ರಲ್ಲಿ ಅದು ಶೇಕಡಾ 15ರ ಸಮೀಪಕ್ಕೆ ಬಂದಿತು. ಮೇಲಿನ ನೀರು ಬಿಸಿಯಾದುದರಿಂದ ಮೇಲ್ಪದರದ ಮೀನು ತಂಪನ್ನರಸಿ ಕೆಳಗಿಳಿಯಿತೆಂಬುದು ಸಂಶೋಧಕರ ಅಭಿಪ್ರಾಯ.

ಆದರೂ ಇಷ್ಟರಿಂದಲೇ ತೀರ್ಮಾನಕ್ಕೆ ಬರುವುದು ಅವಸರವಾದೀತು. ಬೈಗೆಯು ಬಂದು ಹೋಗುವ ಮೀನು. ಅದರ ಚಂಚಲತೆಯು ಈ ಕಾಲದ ಹೊಸ ಲಕ್ಷಣವಲ್ಲ. ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತಕ್ಕೆ ಸೇರಿದ್ದಾಗ, ಆ ಪ್ರಾಂತದ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಈ ಏರಿಳಿತದ ಕಾರಣವನ್ನು ಹುಡುಕಿದ್ದರು. 1940ರ ದಶಕದಲ್ಲಿ ಬೈಗೆ ಎಷ್ಟು ವಿರಳವಾಯಿತೆಂದರೆ, 1943ರಲ್ಲಿ ಮದ್ರಾಸ್ ಸರ್ಕಾರವು ಕೆಲವು ಬಗೆಯ ಬಲೆಗಳನ್ನೂ ಸಣ್ಣ ಮೀನಿನ ಹಿಡಿತವನ್ನೂ ನಿರ್ಬಂಧಿಸಬೇಕಾಯಿತು. ಆ ಕ್ಷಾಮಕ್ಕೆ ಇಂದಿನ ಉಷ್ಣತೆಯನ್ನು ಹೊಣೆಯಾಗಿಸಲು ಬರುವಂತಿಲ್ಲ. ಈಚಿನ ನಿದರ್ಶನವಾಗಿ ಕೇರಳವನ್ನು ನೋಡಬಹುದು: 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಮತ್ತಿ ದಡಕ್ಕೆ ಬಂದಿತ್ತು, 2021ರಲ್ಲಿ ಬಂದದ್ದು 3,297 ಟನ್ ಮಾತ್ರ. ಈ ಪತನವನ್ನು ಶೋಧಿಸಿದವರು ಮಿತಿಮೀರಿದ ಮೀನುಗಾರಿಕೆ, ಮರಿಮೀನಿನ ಸಂಹಾರ, ಎಲ್ ನಿನೊದಿಂದಾದ ಸಮುದ್ರಸ್ಥಿತಿಯ ವ್ಯತ್ಯಾಸ ಇವುಗಳನ್ನು ಒಟ್ಟಿಗೆ ಹೇಳಿದ್ದಾರೆ. ಒಂದೇ ಕಾರಣವನ್ನು ಹಿಡಿದು ಕೂರುವವರಿಗೆ ಇದು ಉತ್ತರ.

ಇದಲ್ಲದೆ, ಇಳುವರಿಯ ಅಂಕಿಯು ಮೀನಿನ ಇರವಿನ ಅಳತೆಯಲ್ಲ ಎಂಬ ಮೂಲಭೂತವಾದ ತೊಡಕೊಂದಿದೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ನಮ್ಮ ಕರಾವಳಿಗೆ ಬಂದುವು. ಅದಕ್ಕೆ ಮೊದಲು ಊರಿನ ಹತ್ತಾರು ಜನ ಕೂಡಿ ದಡದಿಂದಲೇ ಎಳೆಯುತ್ತಿದ್ದ, ಪಾಲುಗಾರಿಕೆಯಿಂದ ನಡೆಯುತ್ತಿದ್ದ ದೊಡ್ಡ ರಂಪಣಿಯು ಕೆಲವೇ ವರ್ಷಗಳಲ್ಲಿ ನಿಸ್ತೇಜವಾಯಿತು. ರಂಪಣಿಯು ತೀರಕ್ಕೆ ಬಂದ ಮೀನನ್ನು ಕಾದು ಹಿಡಿಯುವಂಥದು. ಪರ್ಸೀನ್ ಆದರೋ ಮೀನು ಇರುವಲ್ಲಿಗೇ ಅಟ್ಟಿಕೊಂಡು ಹೋಗುವಂಥದು. ಗಂಗೊಳ್ಳಿಯ ಅಥವಾ ಮಲ್ಪೆಯ ದಕ್ಕೆಯಲ್ಲಿ ಇಳಿದ ಬೈಗೆಯು ಯಾವ ಅಕ್ಷಾಂಶದ ನೀರಿನಲ್ಲಿ ಈಜುತ್ತಿತ್ತೆಂಬುದನ್ನು ದಕ್ಕೆಯ ಲೆಕ್ಕವೊಂದೇ ಹೇಳಲಾರದು. ಮೀನೇ ಉತ್ತರಕ್ಕೆ ಹೋಯಿತೋ, ಎಂಜಿನ್ನು ಉತ್ತರಕ್ಕೆ ಹೋಯಿತೋ ಎಂಬ ಪ್ರಶ್ನೆ ಹೀಗೆ ಏಳುತ್ತದೆ. ಒಡಿಶಾ, ಬಂಗಾಳಗಳ ದಡದವರೆಗೂ ಬೈಗೆ ಕಾಣಿಸಿಕೊಂಡಿರುವುದನ್ನು ಎಂಜಿನ್ನಿನಿಂದ ಮಾತ್ರ ವಿವರಿಸಲು ಆಗದೆಂಬುದು ನಿಜ; ಆದುದರಿಂದ ವಿಸ್ತರಣೆಯು ಸತ್ಯ, ಅದರಲ್ಲಿ ಉಷ್ಣತೆಯ ಪಾಲಿರುವುದೂ ಸಂಭಾವ್ಯ, ಆದರೆ ಆ ಪಾಲಿನ ಪ್ರಮಾಣವು ಅನಿರ್ಣೀತ ಎಂಬಲ್ಲಿಗೆ ನಾನು ನಿಲ್ಲುತ್ತೇನೆ.

ಈ ಅನಿರ್ಣಯವನ್ನು ಪರಿಹರಿಸುವ ಸಾಧನವು ನನ್ನ ಅಭಿಪ್ರಾಯದಲ್ಲಿ ಕುಂಭಾಶಿಯ ಆಸುಪಾಸಿನ ದಂಡೆಯಲ್ಲಿಯೇ ಇದೆ. ದೊಡ್ಡ ರಂಪಣಿಯು ಹಿಂದೆ ಸರಿದರೂ ಅದರ ಕಿರಿಯ ರೂಪವಾದ ಕೈರಂಪಣಿಯು ಈ ಕರಾವಳಿಯಲ್ಲಿ ಉಳಿದುಕೊಂಡಿದೆ. ಅದರ ಗುಣವೇನೆಂದರೆ, ಅದು ನಿಂತ ನೆಲವನ್ನು ಬಿಟ್ಟು ಹೋಗುವುದಿಲ್ಲ. ಅದೇ ದಂಡೆ, ಅದೇ ಆಳ, ಹೆಚ್ಚುಕಡಿಮೆ ಅದೇ ಬಲೆ. ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ತೂಗುಹಾಕಿದ ಜ್ವರದ ಪಟ್ಟಿಯಂತೆ, ಒಂದೇ ಸ್ಥಳದ ದಿನದಿನದ ಹಿಡಿತವನ್ನು ಬರೆದಿಟ್ಟರೆ ಅದರಿಂದ ತಿಳಿಯುವ ಸಂಗತಿಯನ್ನು ನೂರು ಬೋಟುಗಳ ಒಟ್ಟು ತೂಕವು ತಿಳಿಸಲಾರದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧಕಾಲದಲ್ಲಿ, ಅಂದರೆ ಬೈಗೆಯ ಸಂತಾನೋತ್ಪತ್ತಿಯ ಮುಖ್ಯ ಕಾಲದಲ್ಲಿಯೇ, ದೊಡ್ಡ ಬೋಟುಗಳು ದಕ್ಕೆಯಲ್ಲಿ ಕಟ್ಟಿಬಿದ್ದಿರುತ್ತವೆ. ಆಗ ಕಡಲಿನ ಸ್ಥಿತಿಗೆ ಸಾಕ್ಷಿಗಳಾಗಿ ಉಳಿಯುವವರು ನಾಡದೋಣಿಯವರೂ ದಡದ ಬಲೆಯವರೂ ಮಾತ್ರ. ಮೊಗವೀರರಿಗೂ ಖಾರ್ವಿಗಳಿಗೂ ನೀರಿನ ಬಣ್ಣ, ಗಾಳಿಯ ದಿಕ್ಕು, ಹಕ್ಕಿಗಳ ಎರಗುವಿಕೆ ಇವುಗಳಿಂದ ಮೀನಿನ ಹಿಂಡನ್ನು ಗುರುತಿಸುವ ಜ್ಞಾನವು ವಂಶಪಾರಂಪರ್ಯವಾಗಿ ಬಂದಿದೆ. ಅದು ಬರೆಹಕ್ಕೆ ಇಳಿಯದಿರುವುದೊಂದೇ ಕೊರತೆ.

ಆದುದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರ ಕರಾವಳಿಯ ಮೀನುಗಾರರ ಸಹಕಾರ ಸಂಘಗಳಲ್ಲಿಯೂ, ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಅಧ್ಯಾಪಕರಲ್ಲಿಯೂ ನನ್ನ ವಿನಂತಿಯಿಷ್ಟೆ: ಒಂದೊಂದು ದಂಡೆಗೆ ಒಂದೊಂದು ದಾಖಲೆಯ ಪುಸ್ತಕವನ್ನಿಟ್ಟು, ಬಲೆ ಎಳೆದ ದಿನ, ನೀರಿನ ಉಷ್ಣತೆ, ಗಾಳಿಯ ದಿಕ್ಕು, ಬೈಗೆ ಬಂಗುಡೆಗಳ ತೂಕ ಮತ್ತು ಉದ್ದ ಇವನ್ನು ಕನ್ನಡದಲ್ಲಿಯೇ ಬರೆದಿಡುವ ವ್ಯವಸ್ಥೆಯನ್ನು ಬರುವ ಮುಂಗಾರಿಗೆ ಮೊದಲೇ ಮಾಡಿರಿ, ಬಲೆಗೆ ಏನೂ ಬೀಳದ ದಿನವನ್ನೂ ತಪ್ಪದೆ ಬರೆಯಿರಿ.