ಆಸಿಯಾನ್ ದೇಶಗಳಲ್ಲಿ ಸ್ಪರ್ಧಾ ಕಾನೂನು

ಆಗ್ನೇಯ ಏಷ್ಯಾ ರಾಷ್ಟ್ರಗಳ ಒಕ್ಕೂಟವಾದ ಆಸಿಯಾನ್‌ನ ಸದಸ್ಯ ದೇಶಗಳು ಮಾರುಕಟ್ಟೆಯ ಪೈಪೋಟಿಯನ್ನು ಕಾಪಾಡಲು ತಂತಮ್ಮ ನೆಲದಲ್ಲಿ ಪ್ರತ್ಯೇಕ ಸ್ಪರ್ಧಾ ಕಾಯಿದೆಗಳನ್ನು ಹೊಂದಿವೆ. ಕಂಪನಿಗಳು ಒಳಗೊಳಗೇ ಬೆಲೆ ನಿಗದಿಪಡಿಸಿಕೊಳ್ಳುವುದು, ಪ್ರಬಲ ಸಂಸ್ಥೆಯೊಂದು ತನ್ನ ಸ್ಥಾನವನ್ನು ದುರುಪಯೋಗಪಡಿಸಿಕೊಳ್ಳುವುದು ಮತ್ತು ಪೈಪೋಟಿಯನ್ನು ಕುಂದಿಸುವ ವಿಲೀನಗಳು ಇಂಥ ಕಾನೂನುಗಳ ಮುಖ್ಯ ವಿಷಯಗಳಾಗಿವೆ. ಯುರೋಪಿಯನ್ ಒಕ್ಕೂಟದಲ್ಲಿ ಹಲವು ದೇಶಗಳಿಗೆ ಸಂಬಂಧಿಸಿದ ಪ್ರಕರಣವನ್ನು ಯುರೋಪಿಯನ್ ಆಯೋಗವೇ ವಿಚಾರಿಸಿ ದಂಡ ವಿಧಿಸಬಲ್ಲದು. ಆಸಿಯಾನ್‌ನಲ್ಲಿ ಅಂಥ ಅಧಿಕಾರವುಳ್ಳ ಸಂಸ್ಥೆಯಿಲ್ಲ. 2010ರಲ್ಲಿ ಹೊರಡಿಸಿದ ಪ್ರಾದೇಶಿಕ ಮಾರ್ಗಸೂಚಿಗಳು ಕೇವಲ ಸಲಹಾರೂಪದವು.

ಬೆಳವಣಿಗೆ

ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ಬೆನ್ನಿಗೇ, 1999ರಲ್ಲಿ, ಇಂಡೋನೇಷ್ಯಾ ಮತ್ತು ಥಾಯ್ಲೆಂಡ್ ಕಾಯಿದೆಗಳನ್ನು ರೂಪಿಸಿದವು. ಥಾಯ್ಲೆಂಡ್‌ನ ಕಾಯಿದೆ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು; ವಾಣಿಜ್ಯ ಸಚಿವರೇ ಆಯೋಗದ ಅಧ್ಯಕ್ಷರಾಗಿರುತ್ತಿದ್ದ ಆ ವ್ಯವಸ್ಥೆಯನ್ನು 2017ರ ಹೊಸ ಕಾಯಿದೆ ಬದಲಿಸಿತು. ಸಿಂಗಪುರ ಮತ್ತು ವಿಯೆಟ್ನಾಂ 2004ರಲ್ಲಿ, ಮಲೇಷ್ಯಾ 2010ರಲ್ಲಿ ಕಾಯಿದೆ ತಂದವು. 2015ರೊಳಗೆ ಎಲ್ಲ ಸದಸ್ಯರೂ ಸ್ಪರ್ಧಾ ನೀತಿಯನ್ನು ಅಳವಡಿಸಿಕೊಳ್ಳಲು ಯತ್ನಿಸಬೇಕೆಂದು ಒಕ್ಕೂಟವು 2007ರಲ್ಲಿ ಗುರಿ ಹಾಕಿಕೊಂಡಿತ್ತು. ಫಿಲಿಪ್ಪೀನ್ಸ್, ಬ್ರೂನೈ, ಲಾವೋಸ್ ಮತ್ತು ಮ್ಯಾನ್ಮಾರ್ ಆ ವರ್ಷವೇ ಕಾನೂನು ಮಾಡಿದವು. 2021ರಲ್ಲಿ ಕಾಂಬೋಡಿಯಾ ಕೂಡ ಸೇರಿದಾಗ ಅಂದಿನ ಹತ್ತೂ ಸದಸ್ಯರಲ್ಲಿ ಕಾನೂನು ಬಂದಂತಾಯಿತು.

ವಿಲೀನಗಳ ಪರಿಶೀಲನೆ

ಈ ಕಾನೂನುಗಳ ನಡುವಿನ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ವಿಲೀನಗಳ ವಿಷಯದಲ್ಲಿ. ಫಿಲಿಪ್ಪೀನ್ಸ್‌ನಲ್ಲಿ ನಿಗದಿತ ಮೌಲ್ಯ ಮೀರಿದ ವಿಲೀನಕ್ಕೆ ಮುಂಚಿತವಾಗಿ ತಿಳಿವಳಿಕೆ ನೀಡುವುದು ಕಡ್ಡಾಯ. ಸಿಂಗಪುರದಲ್ಲಿ ಅದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಇಂಡೋನೇಷ್ಯಾದಲ್ಲಿ ವಿಲೀನ ಮುಗಿದ ಮೇಲೆ ತಿಳಿಸಬೇಕು. ಮಲೇಷ್ಯಾದ 2010ರ ಕಾಯಿದೆಯಲ್ಲಂತೂ ವಿಲೀನ ನಿಯಂತ್ರಣವೇ ಇರಲಿಲ್ಲ.

2018ರ ಮಾರ್ಚ್‌ನಲ್ಲಿ ಉಬರ್ ಸಂಸ್ಥೆ ಈ ವಲಯದ ಎಂಟು ದೇಶಗಳಲ್ಲಿನ ತನ್ನ ವ್ಯವಹಾರವನ್ನು ಗ್ರ್ಯಾಬ್‌ಗೆ ಮಾರಿ, ಪ್ರತಿಯಾಗಿ ಅದರ ಶೇ. 27.5 ಪಾಲನ್ನು ಪಡೆಯಿತು. ಸಿಂಗಪುರದ ಆಯೋಗವು ವಿಲೀನದ ನಂತರ ಪ್ರಯಾಣ ದರ ಶೇ. 10ರಿಂದ 15ರಷ್ಟು ಏರಿತೆಂದು ಕಂಡುಕೊಂಡು, ಎರಡೂ ಸಂಸ್ಥೆಗಳಿಗೆ ಒಟ್ಟು ಸುಮಾರು 1.3 ಕೋಟಿ ಸಿಂಗಪುರ ಡಾಲರ್ ದಂಡ ವಿಧಿಸಿತು. ಚಾಲಕರು ಬೇರೆ ಆ್ಯಪ್‌ಗಳಿಗೂ ದುಡಿಯಲು ಅವಕಾಶವಿರಬೇಕೆಂದು ಆದೇಶಿಸಿತು. ಫಿಲಿಪ್ಪೀನ್ಸ್ ದರ ಹಾಗೂ ಸೇವೆಯ ಗುಣಮಟ್ಟದ ಕುರಿತು ಷರತ್ತು ಹಾಕಿ ಒಪ್ಪಿಗೆ ನೀಡಿತು. ವಿಯೆಟ್ನಾಂನ ಸ್ಪರ್ಧಾ ಮಂಡಳಿ 2019ರಲ್ಲಿ, ಕಾನೂನಿನ ಉಲ್ಲಂಘನೆಯಾಗಿಲ್ಲ ಎಂದು ತೀರ್ಮಾನಿಸಿತು. ವಿಲೀನವನ್ನೇ ಪ್ರಶ್ನಿಸಲಾಗದ ಮಲೇಷ್ಯಾ ಆಯೋಗವು, ಪ್ರತಿಸ್ಪರ್ಧಿಗಳ ಜಾಹೀರಾತು ಪ್ರದರ್ಶಿಸದಂತೆ ಚಾಲಕರನ್ನು ತಡೆದದ್ದು ಪ್ರಾಬಲ್ಯದ ದುರುಪಯೋಗವೆಂಬ ಬೇರೊಂದು ದಾರಿ ಹಿಡಿದು 2019ರಲ್ಲಿ ದಂಡವನ್ನು ಪ್ರಸ್ತಾಪಿಸಿತು. ಕಾಂಬೋಡಿಯಾದ ಪ್ರಯಾಣಿಕರಿಗೆ ಆಗ ಮೊರೆಯಿಡಲು ಕಾನೂನೇ ಇರಲಿಲ್ಲ. ಷೇರುಗಳ ಬದಲು ಆಸ್ತಿಯ ವರ್ಗಾವಣೆ ನಡೆದಿದ್ದರಿಂದ ಅದು ತನ್ನ ವಿಲೀನ ನಿಯಮಗಳ ವ್ಯಾಪ್ತಿಗೆ ಬಾರದೆಂದು ಇಂಡೋನೇಷ್ಯಾದ ಆಯೋಗ ಹೇಳಿತು. ಮರುವರ್ಷ ಅದು ತನ್ನ ನಿಯಮಗಳನ್ನು ತಿದ್ದಿ ಆಸ್ತಿ ಖರೀದಿಯನ್ನೂ ಸೇರಿಸಿತು.