ಹೈಕು ಕೋಶಿಯೆನ್: ಪದ್ಯ ಬರೆದರಷ್ಟೇ ಸಾಲದು, ಪ್ರಶ್ನೆಗೂ ಉತ್ತರ ಕೊಡಬೇಕು, ಜಪಾನ್ ಶಾಲಾ ಮಕ್ಕಳ ಸ್ಪರ್ಧೆಯ ಪೂರ್ಣ ಮಾಹಿತಿ

ಪ್ರತಿಭಾ ಕಾರಂಜಿ ಬಂತೆಂದರೆ ಜಿಲ್ಲೆಯ ಶಾಲೆಗಳಲ್ಲಿ ಕಂಠಪಾಠ, ಆಶುಭಾಷಣ, ಚರ್ಚಾ ಸ್ಪರ್ಧೆ ಅಂತ ತಯಾರಿ ಜೋರಾಗುತ್ತೆ. ಪದ್ಯ ಒಂದು ಕಡೆ, ಚರ್ಚೆ ಇನ್ನೊಂದು ಕಡೆ. ಜಪಾನ್‌ನ ಮತ್ಸುಯಾಮಾ ನಗರದಲ್ಲಿ ಈ ಎರಡನ್ನೂ ಒಂದೇ ವೇದಿಕೆಗೆ ತಂದಿದ್ದಾರೆ. ಅಲ್ಲಿ ಮಕ್ಕಳು ತಾವೇ ಬರೆದ ಮೂರು ಭಾಗದ ಪದ್ಯ ಓದುತ್ತಾರೆ. ಎದುರು ತಂಡ ಕೇಳುವ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಕೊಡುತ್ತಾರೆ. ಆಮೇಲೆಯೇ ತೀರ್ಪು.

ಏನಿದು ಹೈಕು ಕೋಶಿಯೆನ್?

ಇದು ಜಪಾನ್‌ನ ಹೈಸ್ಕೂಲ್ ವಿದ್ಯಾರ್ಥಿಗಳ ರಾಷ್ಟ್ರಮಟ್ಟದ ಹೈಕು ಸ್ಪರ್ಧೆ. ಶುರುವಾಗಿದ್ದು 1998ರಲ್ಲಿ. ಊರಿನ ಯುವ ಉದ್ಯಮಿಗಳ ಸಂಘ ಇದನ್ನು ಆರಂಭಿಸಿತು. ಶಾಲಾ ಶಿಕ್ಷಕಿಯಾಗಿದ್ದು ನಂತರ ಹೈಕು ಕವಯಿತ್ರಿಯಾಗಿ ಹೆಸರಾದ ನತ್ಸುಯಿ ಇತ್ಸುಕಿ ಇದರ ಹಿಂದಿನ ಪ್ರಮುಖರಲ್ಲಿ ಒಬ್ಬರು.

ಕೋಶಿಯೆನ್ ಅಂದರೆ ನಿಜಕ್ಕೂ ಒಂದು ಬೇಸ್‌ಬಾಲ್ ಮೈದಾನದ ಹೆಸರು. ಪ್ರತಿ ಬೇಸಿಗೆಯಲ್ಲಿ ಹೈಸ್ಕೂಲ್ ತಂಡಗಳ ರಾಷ್ಟ್ರೀಯ ಪಂದ್ಯಾವಳಿ ನಡೆಯೋದು ಅಲ್ಲಿ. ನಮ್ಮಲ್ಲಿ ಕ್ರಿಕೆಟ್ ಫೈನಲ್ ನೋಡುವಂತೆ ಇಡೀ ದೇಶ ಅದನ್ನು ನೋಡುತ್ತೆ. ಅದೇ ಹುರುಪು ಪದ್ಯಕ್ಕೂ ಬರಲಿ ಅಂತ ಈ ಹೆಸರು.

ಮತ್ಸುಯಾಮಾದಲ್ಲೇ ಯಾಕೆ?

ಆಧುನಿಕ ಹೈಕುವಿಗೆ ರೂಪ ಕೊಟ್ಟ ಕವಿ ಮಸಾಓಕಾ ಶಿಕಿ (1867–1902) ಹುಟ್ಟಿದ ಊರು ಇದು. ಹಿಂದೆ ಹಲವರು ಸೇರಿ ಕಟ್ಟುತ್ತಿದ್ದ ದೀರ್ಘ ಪದ್ಯಮಾಲೆಯ ಮೊದಲ ಭಾಗವನ್ನು ಸ್ವತಂತ್ರ ಕವಿತೆಯಾಗಿ ನಿಲ್ಲಿಸಿ, ಹೈಕು ಎಂಬ ಹೆಸರನ್ನು ಬಳಕೆಗೆ ತಂದವರು ಅವರೇ. ಕ್ಷಯರೋಗದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದರೂ ಬರೆಯೋದು ಬಿಡಲಿಲ್ಲ. 34ನೇ ವಯಸ್ಸಿಗೆ ತೀರಿಕೊಂಡರು. ಶಿಕಿಗೆ ಬೇಸ್‌ಬಾಲ್ ಹುಚ್ಚೂ ಇತ್ತು. 2002ರಲ್ಲಿ ಜಪಾನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಹೀಗಾಗಿ ಕೋಶಿಯೆನ್ ಎಂಬ ಹೆಸರು ಈ ಊರಿಗೆ ಸರಿಯಾಗಿಯೇ ಒಪ್ಪುತ್ತೆ.

ನಗರದ ಹಲವೆಡೆ ಹೈಕು ಹಾಕುವ ಅಂಚೆ ಡಬ್ಬಿಗಳೂ ಇವೆ. ಪ್ರವಾಸಿಗರೂ ಬರೆದು ಹಾಕಬಹುದು.

ಹೈಕು ಅಂದರೆ?

• 5–7–5ರ ಲೆಕ್ಕದ ಮೂರು ಭಾಗ, ಒಟ್ಟು 17 ಧ್ವನಿ ಘಟಕ. ಜಪಾನಿ ಲೆಕ್ಕ ನಮ್ಮ ಮಾತ್ರೆಗೆ ಹತ್ತಿರ. 'ಹೈಕು' ಎಂಬ ಪದವೇ ಅಲ್ಲಿ ಮೂರು ಘಟಕ. ನಮ್ಮಲ್ಲೂ 'ಹೈ' ಗುರು, 'ಕು' ಲಘು, ಒಟ್ಟು ಮೂರು ಮಾತ್ರೆ. ಕನ್ನಡದಲ್ಲಿ ಬರೆಯುವವರು ಸಾಮಾನ್ಯವಾಗಿ ಅಕ್ಷರ ಎಣಿಸುತ್ತಾರೆ.

• ಋತು ಸೂಚಿಸುವ ಒಂದು ಪದ. ಜಪಾನಿ ಸಂಪ್ರದಾಯದಲ್ಲಿ ಕಪ್ಪೆ ಅಂದರೆ ವಸಂತ, ಚಂದ್ರ ಅಂದರೆ ಶರತ್ಕಾಲ. ಇಂಥ ಪದಗಳಿಗಾಗಿಯೇ ಕೋಶಗಳಿವೆ.

• ಮಧ್ಯೆ ಒಂದು ತಡೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟು, ನಡುವಿನ ನಂಟನ್ನು ಓದುಗರಿಗೆ ಬಿಡೋದು.

ದಿನಕರ ದೇಸಾಯಿ ಅವರ ಚುಟುಕಿಗೂ ಇದಕ್ಕೂ ವ್ಯತ್ಯಾಸ ಇಲ್ಲೇ. ಚುಟುಕಿಗೆ ನಾಲ್ಕು ಸಾಲು, ಪ್ರಾಸ, ಕೊನೆಗೊಂದು ಕುಟುಕು. ಹೈಕುವಿಗೆ ಪ್ರಾಸ ಬೇಡ, ನೀತಿಯೂ ಬೇಡ.

ಸ್ಪರ್ಧೆ ನಡೆಯೋದು ಹೇಗೆ?

ಒಂದು ತಂಡದಲ್ಲಿ 5 ವಿದ್ಯಾರ್ಥಿಗಳು. ಬೇಸಿಗೆಯ ಆರಂಭದಲ್ಲಿ ದೇಶದ ಬೇರೆಬೇರೆ ಊರುಗಳಲ್ಲಿ ಪ್ರಾದೇಶಿಕ ಸುತ್ತು, ಆಗಸ್ಟ್‌ನಲ್ಲಿ ಮತ್ಸುಯಾಮಾದಲ್ಲಿ ಅಂತಿಮ ಹಂತ. ಅಲ್ಲಿನ ಆರಂಭದ ಸುತ್ತುಗಳು ಓಕೈದೋ ಎಂಬ ಪೇಟೆ ಬೀದಿಯಲ್ಲಿ ನಡೆಯುತ್ತವೆ. ಸಾಮಾನು ಕೊಳ್ಳಲು ಬಂದವರೂ ನಿಂತು ಕೇಳುತ್ತಾರೆ.

ವಿಷಯವಾಗಿ ಹೆಚ್ಚಾಗಿ ಕೊಡೋದು ಋತುಪದ. ಅದನ್ನು ಮೊದಲೇ ತಿಳಿಸಿರುತ್ತಾರೆ. ಪಂದ್ಯದಲ್ಲಿ ಒಂದು ತಂಡ ಕೆಂಪು, ಇನ್ನೊಂದು ಬಿಳಿ. ಎರಡೂ ಕಡೆಯವರು ಒಂದೊಂದು ಹೈಕು ಓದುತ್ತಾರೆ. ನಂತರ ಕೆಲವೇ ನಿಮಿಷ ಪ್ರಶ್ನೋತ್ತರ. ಕೊನೆಗೆ ತೀರ್ಪುಗಾರರು ಒಟ್ಟಿಗೆ ಬಾವುಟ ಎತ್ತುತ್ತಾರೆ. ಹೆಚ್ಚು ಬಾವುಟ ಯಾವ ಬಣ್ಣದ್ದೋ ಆ ಸುತ್ತು ಅವರದು.

ಪ್ರಶ್ನೆಯಿಂದ ಏನು ಪ್ರಯೋಜನ?

ತಿಳಿಯಲು ಮಾದರಿಗೆಂದೇ ಕಟ್ಟಿದ ಈ ಹೈಕು ನೋಡಿ:

ಮೊದಲ ಮಳೆ
ಬೀಗ ಹಾಕಿದ ಶಾಲೆ
ಗಂಟೆಯ ಸದ್ದು

ಎದುರು ತಂಡದ ವಿದ್ಯಾರ್ಥಿನಿ ಕೇಳಬಹುದು: "ಶಾಲೆಗೆ ಬೀಗ ಹಾಕಿದೆ ಅಂತೀರಿ, ಹಾಗಾದ್ರೆ ಗಂಟೆ ಹೊಡೆದೋರು ಯಾರು?" ಬರೆದ ತಂಡದ ಉತ್ತರ: "ಮಳೆ ಹನಿ." ಮತ್ತೊಂದು ಪ್ರಶ್ನೆ: "ಮುಂಗಾರು ಅಂತ ಯಾಕೆ ಬರೀಲಿಲ್ಲ?" ಉತ್ತರ: "ಮುಂಗಾರಿಗೆ ಶಾಲೆ ತೆರೆದಿರುತ್ತೆ. ಇದು ಬೇಸಿಗೆ ರಜೆಯಲ್ಲಿ ಬಿದ್ದ ಮಳೆ."

ಎರಡೇ ಪ್ರಶ್ನೆಗೆ ಪದ್ಯ ಬಿಚ್ಚಿಕೊಂಡಿತು. ಉತ್ತರ ಕೊಡಬೇಕಾದರೆ ಪ್ರತಿ ಪದ ಯಾಕೆ ಬಂತು ಅಂತ ಬರೆದವರಿಗೆ ಗೊತ್ತಿರಬೇಕು. ಪ್ರಶ್ನೆ ಕೇಳಬೇಕಾದರೆ ಎದುರಿನವರ ಪದ್ಯವನ್ನು ಗಮನಕೊಟ್ಟು ಕೇಳಿರಬೇಕು. ಅದಕ್ಕೇ ಇಲ್ಲಿ ಪದ್ಯದ ಗುಣಕ್ಕೂ ಅಂಕ, ಪದ್ಯವನ್ನು ಅರಿತು ಆಡಿದ ಮಾತಿಗೂ ಅಂಕ. ಬಾಯಿಪಾಠ ಮಾಡಿ ಬಂದವರು ಇಲ್ಲಿ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ.

ಆಕ್ಷೇಪ ಇಲ್ಲವೇ?

ಕವಿತೆಗೆ ಸೋಲು-ಗೆಲುವು ಯಾಕೆ ಅನ್ನೋದು ಸಹಜ ಪ್ರಶ್ನೆ. ಮಾತುಗಾರ ಮಗು ಸಾಧಾರಣ ಪದ್ಯವನ್ನೂ ಗೆಲ್ಲಿಸಿಬಿಡಬಹುದು, ಸಂಕೋಚದ ಮಗುವಿನ ಒಳ್ಳೆಯ ಪದ್ಯ ಸೋಲಬಹುದು. ಇದಕ್ಕೆ ಎರಡು ತಡೆಗಳಿವೆ. ಉತ್ತರ ಕೊಡೋದು ಇಡೀ ತಂಡ, ಬರೆದ ಮಗು ಒಂಟಿಯಲ್ಲ. ಜೊತೆಗೆ, ತಂಡ ಸೋತರೂ ಒಳ್ಳೆಯ ಹೈಕುಗಳಿಗೆ ಬೇರೆಯಾಗಿ ವೈಯಕ್ತಿಕ ಬಹುಮಾನ ಇದೆ.

ಇಲ್ಲಿನ ಶಾಲೆಯಲ್ಲಿ ಮಾಡಬಹುದೇ?

ಧಾರಾಳವಾಗಿ. ಖರ್ಚು ಅಂದರೆ ಎರಡು ಬಣ್ಣದ ಬಾವುಟ ಅಷ್ಟೇ.

• ವಾರ ಮುಂಚೆ ಒಂದು ಋತುಪದ ಕೊಡಿ. ಜಪಾನಿ ಪಟ್ಟಿ ಬೇಕಿಲ್ಲ. ಆರಿದ್ರಾ ಮಳೆ, ಸುಗ್ಗಿ, ಮಾವಿನ ಚಿಗುರು, ಚಳಿಗಾಲದ ಮಂಜು, ಎಲ್ಲವೂ ಆಗುತ್ತೆ.

• 5 ಮಕ್ಕಳ ತಂಡ ಮಾಡಿ. ಮಾತು ಕಡಿಮೆ ಆಡುವವರೂ ತಂಡದಲ್ಲಿರಲಿ.

• ಹೈಕುವನ್ನು ಎರಡು ಸಲ ಓದಿಸಿ. ಮೊದಲ ಓದಿಗೆ ಕಿವಿಗೆ ಬೀಳುತ್ತೆ, ಎರಡನೆಯದಕ್ಕೆ ಅರ್ಥ ಆಗುತ್ತೆ.

• ಪ್ರಶ್ನೆ ಪದ್ಯದ ಬಗ್ಗೆ ಮಾತ್ರ, ಬರೆದವರ ಬಗ್ಗೆ ಅಲ್ಲ. "ಚೆನ್ನಾಗಿಲ್ಲ" ಅನ್ನೋದು ಪ್ರಶ್ನೆಯಲ್ಲ, "ಈ ಪದ ಯಾಕೆ?" ಅನ್ನೋದು ಪ್ರಶ್ನೆ.

• ತೀರ್ಪುಗಾರರು ಮೂವರು ಅಥವಾ ಐವರಿರಲಿ, ಸಮ ಸಂಖ್ಯೆ ಬೇಡ. ಬಾವುಟ ಎತ್ತಿದ ಮೇಲೆ ಯಾಕೆ ಅಂತ ಒಂದು ಮಾತಲ್ಲಿ ಹೇಳಲಿ. ಸೋತ ಮಗುವಿಗೆ ಆ ಒಂದು ಮಾತೇ ಮುಂದಿನ ಪದ್ಯಕ್ಕೆ ದಾರಿ.